ಬೇಡ ಎನ್ನುವವರೂ ಬೇಕು

ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ನಾಯಕತ್ವದ ಪುಸ್ತಕಗಳಿಗೆ ಯಾವತ್ತೂ ಬರವಿಲ್ಲ. ಯಾರೋ ಹುಮ್ಮಸ್ಸಿನಿಂದ ಕೊಂಡು, ಮೊದಲ ಮೂವತ್ತು ಪುಟಗಳಲ್ಲಿ ಪೆನ್ಸಿಲ್ ಗೆರೆ ಎಳೆದು, ಆಮೇಲೆ ಮಾರಿಬಿಟ್ಟ ಪುಸ್ತಕಗಳು. ನಾಯಕ ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕು, ಹೇಗೆ ಮಾತಾಡಬೇಕು, ಕನಸನ್ನು ಹೇಗೆ ಮಾರಬೇಕು ಎಂಬುದೆಲ್ಲ ಅವುಗಳಲ್ಲಿ ಇರುತ್ತದೆ. ಅವನ ಕೈಕೆಳಗಿನವರು ಏನು ಹೇಳಬಲ್ಲರು, ಹೇಳಿದರೆ ಅವರಿಗೆ ಏನಾಗುತ್ತದೆ ಎಂಬ ಅಧ್ಯಾಯ ಮಾತ್ರ ನನಗೆ ಅಷ್ಟಾಗಿ ಸಿಕ್ಕಿಲ್ಲ.

ಒಂದು ಸಂಸ್ಥೆಯ ನಾಯಕ ಪರಿಣಾಮಕಾರಿಯೇ ಎಂದು ತಿಳಿಯಲು ಆ ಕಾಣೆಯಾದ ಅಧ್ಯಾಯವನ್ನೇ ಮೊದಲು ಓದಬೇಕು ಎಂಬುದು ನನ್ನ ವಾದ. ‘ಬೇಡ, ಇದು ಸರಿಯಿಲ್ಲ’ ಎಂದು ಕೆಳಗಿನಿಂದ ಒಬ್ಬರು ಹೇಳಿದಾಗ ಆ ಮಾತು ಎಷ್ಟು ಮೆಟ್ಟಿಲು ಹತ್ತುತ್ತದೆ? ಎಲ್ಲಿ ನಿಲ್ಲುತ್ತದೆ? ಹೇಳಿದವರು ಮರುದಿನ ಎಲ್ಲಿರುತ್ತಾರೆ? ಇದನ್ನು ಯೋಚಿಸಲು ನನಗೆ ದೂರ ಹೋಗಬೇಕಾಗಿಲ್ಲ. ನಾನು ಇರುವ ಪೂರ್ವ ಬೆಂಗಳೂರಿನಲ್ಲೇ, ಹಲಸೂರಿನಿಂದ ಕೆ.ಆರ್. ಪುರದವರೆಗಿನ ಹಾದಿಯ ಅಕ್ಕಪಕ್ಕದಲ್ಲಿ, ಅದಕ್ಕೆ ಬೇಕಾದಷ್ಟು ಸಾಮಗ್ರಿ ಇದೆ.

ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ರಸ್ತೆಗೆ ಸುರಂಜನ್ ದಾಸ್ ರಸ್ತೆ ಎಂದು ಹೆಸರು. ದಿನವೂ ಅಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವವರಲ್ಲಿ ಆ ಹೆಸರಿನವರು ಯಾರೆಂದು ಬಲ್ಲವರು ಕಡಿಮೆ ಇರಬೇಕು. ಅವರು ವಾಯುಸೇನೆಯ ಟೆಸ್ಟ್ ಪೈಲಟ್. ಎಚ್‌ಎಎಲ್ ತಯಾರಿಸಿದ ಮಾರುತ್ ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊದಲ ಬಾರಿ ಹಾರಿಸಿದವರು. 1970ರ ಜನವರಿ 10ರಂದು ಅದೇ ವಿಮಾನದ ಮಾರ್ಪಡಿಸಿದ ಮಾದರಿಯೊಂದನ್ನು ಪರೀಕ್ಷಿಸುವಾಗ ಬಿದ್ದು ತೀರಿಕೊಂಡರು.

ಟೆಸ್ಟ್ ಪೈಲಟ್ಟಿನ ಕೆಲಸದಲ್ಲಿ ನಾಯಕತ್ವದ ಇಡೀ ನೈತಿಕ ಪ್ರಶ್ನೆ ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ವಿಮಾನದ ನಕ್ಷೆ ಬರೆಯುವವರು ಬೇರೆ, ಹಣ ಮಂಜೂರು ಮಾಡುವವರು ಬೇರೆ, ಯಾವ ದಿನ ಹಾರಬೇಕು ಎಂದು ಆತುರಪಡುವವರು ಬೇರೆ. ಒಳಗೆ ಕೂರುವವರು ಒಬ್ಬರೇ. ಎಲ್ಲ ಸಂಸ್ಥೆಗಳೂ ಸ್ವಲ್ಪಮಟ್ಟಿಗೆ ಹೀಗೇ ಇರುತ್ತವೆ. ತೀರ್ಮಾನ ಒಂದು ಕೋಣೆಯಲ್ಲಿ ಆಗುತ್ತದೆ, ಅದರ ಬೆಲೆ ಇನ್ನೊಂದು ಕಡೆ ತೆರಬೇಕಾಗುತ್ತದೆ. ಬೆಲೆ ತೆರುವವರಿಗೆ ‘ಬೇಡ’ ಎನ್ನುವ ಅವಕಾಶ ಇದೆಯೇ ಎಂಬುದು ಹಾಗಾಗಿ ಸೌಜನ್ಯದ ವಿಷಯ ಮಾತ್ರ ಆಗಿ ಉಳಿಯುವುದಿಲ್ಲ, ನ್ಯಾಯದ ವಿಷಯವಾಗುತ್ತದೆ.

ಇದೇ ಪ್ರದೇಶದಲ್ಲಿ ಮುಂದೆ ನಡೆದದ್ದನ್ನು ನೋಡಿ. ಹಗುರ ಯುದ್ಧವಿಮಾನದ ಯೋಜನೆಗೆ 1983ರಲ್ಲಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಅದಕ್ಕೆಂದೇ ಏರೊನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ (ಎಡಿಎ) ಹುಟ್ಟಿತು. ಕೋಟ ಹರಿನಾರಾಯಣ ಅದರ ಕಾರ್ಯಕ್ರಮ ನಿರ್ದೇಶಕರೂ ಮುಖ್ಯ ವಿನ್ಯಾಸಕರೂ ಆದರು. 1995ರ ನವೆಂಬರ್ 17ರಂದು ಮೊದಲ ವಿಮಾನವನ್ನು ಹ್ಯಾಂಗರಿನಿಂದ ಹೊರಗೆ ತಂದು ದೇಶಕ್ಕೆ ತೋರಿಸಿದರು. ಆಮೇಲೆ ಅದು ಹಾರಲಿಲ್ಲ. ಒಂದು ವರ್ಷ, ಎರಡು ವರ್ಷ, ಐದು ವರ್ಷ ಹಾರಲಿಲ್ಲ. ಪತ್ರಿಕೆಗಳು ಗೇಲಿ ಮಾಡಿದವು, ಸಂಸತ್ತಿನಲ್ಲಿ ಪ್ರಶ್ನೆಗಳು ಬಂದವು. ಅದು ಮೊದಲ ಬಾರಿ ಮೇಲೇರಿದ್ದು 2001ರ ಜನವರಿ 4ರಂದು. ಹಾರಿಸಿದವರು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್. ಮುಂದೆ ಅದಕ್ಕೆ ತೇಜಸ್ ಎಂಬ ಹೆಸರು ಬಂತು.

ಆ ಐದು ವರ್ಷದ ತಡಕ್ಕೆ ಕಾರಣಗಳು ಹಲವು. ಬಹು ಮುಖ್ಯವಾದದ್ದು ವಿಮಾನದ ನಿಯಂತ್ರಣ ವ್ಯವಸ್ಥೆ. ಚುರುಕಾಗಿ ತಿರುಗಲಿ ಎಂದು ಈ ವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಿದ್ದರು. ಕಂಪ್ಯೂಟರು ಕ್ಷಣಕ್ಷಣವೂ ಹಿಡಿದು ನಿಲ್ಲಿಸದಿದ್ದರೆ ಅದು ಗಾಳಿಯಲ್ಲಿ ನಿಲ್ಲುವುದಿಲ್ಲ. ಆ ಕಂಪ್ಯೂಟರಿನೊಳಗಿನ ನಿಯಮಗಳು ತಪ್ಪಿದರೆ ಎಷ್ಟು ನಿಪುಣ ಪೈಲಟ್ಟೂ ಏನೂ ಮಾಡಲಾರ. ಇದು ಬರೀ ಊಹೆಯ ಭಯವಾಗಿರಲಿಲ್ಲ. ಸ್ವೀಡನ್ನಿನ ಗ್ರಿಪೆನ್ 1989ರಲ್ಲಿ ತನ್ನ ಆರನೆಯ ಹಾರಾಟದಲ್ಲೇ ಇಳಿಯುವಾಗ ಬಿದ್ದಿತ್ತು. ಅಮೆರಿಕದ ವೈಎಫ್-22 1992ರಲ್ಲಿ ರನ್‌ವೇಗೆ ಅಪ್ಪಳಿಸಿತ್ತು. ಎರಡರಲ್ಲೂ ತೊಂದರೆ ಇದ್ದದ್ದು ಇದೇ ನಿಯಂತ್ರಣದಲ್ಲಿ. ನಮ್ಮಲ್ಲಿ ಈ ಕೆಲಸ ಮಾಡುತ್ತಿದ್ದದ್ದು ಕೋಡಿಹಳ್ಳಿಯ ಎನ್‌ಎಎಲ್ ಮುಂದಾಳುತನದ ತಂಡ. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣುಪರೀಕ್ಷೆ ನಡೆದ ಮೇಲೆ ಅಮೆರಿಕ ನಿರ್ಬಂಧ ಹೇರಿತು, ಅಲ್ಲಿನ ಕಂಪನಿಯ ಜೊತೆಗಿನ ಕೆಲಸ ಮುರಿದುಬಿತ್ತು, ಉಳಿದದ್ದನ್ನು ಇಲ್ಲಿನವರೇ ಮುಗಿಸಬೇಕಾಯಿತು.

ಈ ಕಥೆಯನ್ನು ಸ್ವಾವಲಂಬನೆಯ ಕಥೆಯಾಗಿ ನಾವು ಬೇಕಾದಷ್ಟು ಸಲ ಕೇಳಿದ್ದೇವೆ. ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ಆ ಯೋಜನೆಯಲ್ಲಿ ‘ಇನ್ನೂ ಬೇಡ’ ಎನ್ನಬಲ್ಲವರಿಗೆ ಕುರ್ಚಿ ಹಾಕಿ ಕೂರಿಸಲಾಗಿತ್ತು. ವಿಮಾನದ ಹಾರಾಟ ಪರೀಕ್ಷೆಗೆಂದು 1994ರಲ್ಲಿ ಪ್ರತ್ಯೇಕ ಕೇಂದ್ರವೊಂದು ಬಂತು. ಅದರ ಹೊಣೆ ಹೊತ್ತವರು ಸ್ವತಃ ಟೆಸ್ಟ್ ಪೈಲಟ್ ಆಗಿದ್ದ ಫಿಲಿಪ್ ರಾಜ್‌ಕುಮಾರ್. ಹಾರಲು ಯೋಗ್ಯವೇ ಎಂದು ಪರಿಶೀಲಿಸಿ ಸಹಿ ಹಾಕುವ ಸಂಸ್ಥೆ ಮಾರತಹಳ್ಳಿಯ ಸೆಮಿಲಾಕ್, ಅಂದರೆ ವಿನ್ಯಾಸಕಾರರ ಕೈಕೆಳಗಿಲ್ಲದ ಬೇರೆ ಕಚೇರಿ. ಮುಖ್ಯಸ್ಥ ಎಷ್ಟೇ ದೊಡ್ಡವನಾಗಿರಲಿ, ಎಷ್ಟೇ ಗೇಲಿಗೆ ಗುರಿಯಾಗಿರಲಿ, ಇವರ ‘ಆಗಲಿ’ ಸಿಗದೆ ವಿಮಾನ ನೆಲ ಬಿಡುವಂತಿರಲಿಲ್ಲ. ಪರಿಣಾಮವಾಗಿ ಗೇಲಿ ಮೇಲಿದ್ದವರ ಪಾಲಿಗೆ ಬಂತು, ಪೈಲಟ್ಟಿನ ಜೀವ ಉಳಿಯಿತು. 2001ರಿಂದ 2024ರ ಮಾರ್ಚ್‌ವರೆಗೆ ಒಂದೂ ತೇಜಸ್ ನೆಲಕ್ಕೆ ಬೀಳಲಿಲ್ಲ. ಆಮೇಲೆ ಬಿದ್ದಿವೆ. 2025ರ ನವೆಂಬರಿನಲ್ಲಿ ದುಬೈ ವಿಮಾನ ಪ್ರದರ್ಶನದಲ್ಲಿ ಪೈಲಟ್ಟೊಬ್ಬರು ಜೀವ ಕಳೆದುಕೊಂಡರು. ಎಚ್ಚರಿಕೆ ಅಪಾಯವನ್ನು ಇಲ್ಲವಾಗಿಸುವುದಿಲ್ಲ. ಆದರೂ ಮೊದಲ ಹಾರಾಟದಿಂದ 23 ವರ್ಷ ಎಂಬುದು ಸಣ್ಣ ಮಾತಲ್ಲ.

ಇಲ್ಲಿ ನನ್ನ ವಾದಕ್ಕೆ ಗಟ್ಟಿಯಾದ ಎದುರುವಾದವೊಂದು ಇದೆ. ತಡಕ್ಕೂ ಬೆಲೆ ಇದೆ. ತೇಜಸ್ ಬರಬೇಕಾಗಿದ್ದದ್ದು ಮಿಗ್-21ರ ಜಾಗಕ್ಕೆ. ಅದು ವಾಯುಸೇನೆಯ ಸ್ಕ್ವಾಡ್ರನ್ ಸೇರಿದ್ದು 2016ರಲ್ಲಿ. ಅಷ್ಟು ವರ್ಷವೂ ನಮ್ಮ ಹುಡುಗರು ಮುದಿಯಾದ ಮಿಗ್‌ಗಳಲ್ಲೇ ಹಾರಿದರು, ಅನೇಕರು ತೀರಿಕೊಂಡರು. ಕೊನೆಯ ಮಿಗ್-21ಗಳು ನಿವೃತ್ತಿ ಪಡೆದದ್ದು 2025ರ ಸೆಪ್ಟೆಂಬರಿನಲ್ಲಿ. ಒಬ್ಬ ಪೈಲಟ್ಟನ್ನು ಉಳಿಸಿದ ಎಚ್ಚರಿಕೆ ಇನ್ನೊಬ್ಬನನ್ನು ಕೊಂದಿತಲ್ಲ ಎಂದು ಯಾರಾದರೂ ಕೇಳಿದರೆ ಅವರಿಗೆ ಸುಲಭದ ಉತ್ತರ ನನ್ನ ಬಳಿ ಇಲ್ಲ. ಇಷ್ಟು ಮಾತ್ರ ಹೇಳಬಲ್ಲೆ. ತಡದಲ್ಲಿ ಎರಡು ಬಗೆ. ಗೊತ್ತಿರುವ ಅಪಾಯವನ್ನು ಸರಿಪಡಿಸಲು ಕಾಯುವುದು ಒಂದು. ಯಾರೂ ತೀರ್ಮಾನ ತೆಗೆದುಕೊಳ್ಳದೆ ಫೈಲು ಮೇಜಿನಿಂದ ಮೇಜಿಗೆ ಅಲೆಯುವುದು ಇನ್ನೊಂದು. ಮೂವತ್ತಮೂರು ವರ್ಷಗಳ ಈ ಪಯಣದಲ್ಲಿ ಎರಡೂ ಇದ್ದವು. ಮೊದಲನೆಯದನ್ನು ಸಹಿಸುವುದು, ಎರಡನೆಯದನ್ನು ಸಹಿಸದಿರುವುದು, ಇವೆರಡರ ವ್ಯತ್ಯಾಸ ತಿಳಿದಿರುವುದು ನಾಯಕನ ಕೆಲಸ. ಆ ವ್ಯತ್ಯಾಸ ತಿಳಿಯಬೇಕಾದರೂ ಕೆಳಗಿನಿಂದ ನಿಜ ಬರುತ್ತಿರಬೇಕು. ‘ಎಲ್ಲ ಸರಿಯಾಗಿದೆ ಸಾರ್’ ಎಂದಷ್ಟೇ ಕೇಳಿಸಿಕೊಳ್ಳುವವನಿಗೆ ಎರಡು ಬಗೆಯ ತಡವೂ ಒಂದೇ ಥರ ಕಾಣುತ್ತದೆ.

ನಿಜ ಬರದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಚಾಲೆಂಜರ್ ಉದಾಹರಣೆ. 1986ರ ಜನವರಿ 27ರ ರಾತ್ರಿ, ಈ ಚಳಿಯಲ್ಲಿ ರಾಕೆಟ್ಟಿನ ರಬ್ಬರ್ ಉಂಗುರಗಳು ಕೆಲಸ ಮಾಡಲಿಕ್ಕಿಲ್ಲ, ಹಾರಿಸಬೇಡಿ ಎಂದು ಆ ರಾಕೆಟ್ಟನ್ನು ತಯಾರಿಸಿದ ಕಂಪನಿಯ ಎಂಜಿನಿಯರುಗಳು ವಾದಿಸಿದರು. ಅವರ ಮೇಲಿನ ಮ್ಯಾನೇಜರುಗಳು ಅವರ ಮಾತನ್ನು ತಳ್ಳಿಹಾಕಿ ಒಪ್ಪಿಗೆ ಕೊಟ್ಟರು. ಮರುದಿನ ಚಾಲೆಂಜರ್ 73 ಸೆಕೆಂಡುಗಳಲ್ಲಿ ಸಿಡಿದು ಏಳು ಜನ ಸತ್ತರು. ತನಿಖಾ ಆಯೋಗ ಕಂಡುಕೊಂಡ ಒಂದು ವಿಷಯ ಇಡೀ ದುರಂತಕ್ಕಿಂತ ಹೆಚ್ಚು ಕಾಡುವಂಥದ್ದು. ಹಾರಿಸುವ ಕೊನೆಯ ತೀರ್ಮಾನ ತೆಗೆದುಕೊಂಡವರಿಗೆ ಹಿಂದಿನ ರಾತ್ರಿಯ ಆ ‘ಬೇಡ’ ಗೊತ್ತೇ ಇರಲಿಲ್ಲ. ಮಾತು ಹೊರಟಿತ್ತು, ನಡುಮೆಟ್ಟಿಲಲ್ಲಿ ಸತ್ತಿತ್ತು.

‘ನನ್ನ ಬಾಗಿಲು ಸದಾ ತೆರೆದಿದೆ’ ಎಂದು ಹೇಳುವ ಮೇಲಧಿಕಾರಿಗಳನ್ನು ನಾವೆಲ್ಲ ನೋಡಿದ್ದೇವೆ. ಸಂಶೋಧನೆಗೆ ಸೇರುವ ಮೊದಲು ಎರಡು ವರ್ಷ ನಾನು ಇಂದಿರಾನಗರದ ಒಂದು ಕಂಪನಿಯಲ್ಲಿ ಕೆಲಸ ಮಾಡಿದೆ. ಅಲ್ಲಿ ಬಾಗಿಲೇ ಇರಲಿಲ್ಲ, ಎಲ್ಲರೂ ಒಂದೇ ಹಾಲಿನಲ್ಲಿ ಕೂರುತ್ತಿದ್ದೆವು. ಸೋಮವಾರದ ಮೀಟಿಂಗಿನ ಕೊನೆಗೆ ‘ಏನಾದರೂ ಹೇಳುವುದಿದೆಯಾ?’ ಎಂಬ ಪ್ರಶ್ನೆ ಬರುತ್ತಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಹತ್ತು ನಿಮಿಷದ ನಂತರ ಕೆಳಗಿನ ಟೀ ಅಂಗಡಿಯಲ್ಲಿ ಎಲ್ಲರಿಗೂ ಮಾತು ಬರುತ್ತಿತ್ತು. ಯಾವ ಕೆಲಸ ಗಡುವಿಗೆ ಮುಗಿಯುವುದಿಲ್ಲ, ಯಾವ ಗ್ರಾಹಕ ಕೈಬಿಡಲಿದ್ದಾನೆ, ಯಾವ ಲೆಕ್ಕ ಸುಳ್ಳು, ಎಲ್ಲವೂ ಆ ಟೀ ಅಂಗಡಿಯವನಿಗೂ ಗೊತ್ತಿತ್ತು, ಮುಖ್ಯಸ್ಥರಿಗೆ ಗೊತ್ತಿರಲಿಲ್ಲ. ಅವರು ಕೆಟ್ಟವರಾಗಿರಲಿಲ್ಲ, ಯಾರನ್ನೂ ಗದರಿದವರಲ್ಲ. ಒಮ್ಮೆ ಒಬ್ಬಾಕೆ ಲೆಕ್ಕದ ವಿಷಯ ಎತ್ತಿದಾಗ ನಗುತ್ತಲೇ ಕೇಳಿಸಿಕೊಂಡರು. ಮುಂದಿನ ಮೂರು ತಿಂಗಳು ಆಕೆಯನ್ನು ಯಾವ ಮುಖ್ಯ ಕೆಲಸಕ್ಕೂ ಸೇರಿಸಲಿಲ್ಲ, ಅಷ್ಟೇ. ಉಳಿದವರಿಗೆ ಪಾಠ ಅರ್ಥವಾಗಲು ಅಷ್ಟು ಸಾಕಾಯಿತು. ಭಯ ಹುಟ್ಟಿಸಲು ಗದರಬೇಕಾಗಿಲ್ಲ ಎಂಬುದು ನನಗೆ ಆಗ ಅರ್ಥವಾದದ್ದು.

ಸೋಲಿನ ನಂತರ ಹೊಣೆ ಯಾರ ಮೇಲೆ ಬೀಳುತ್ತದೆ ಎಂಬುದಕ್ಕೂ ಇದಕ್ಕೂ ಸಂಬಂಧವಿದೆ. ಇಸ್ರೋ ಅಧ್ಯಕ್ಷರೂ ಅದೇ ಕಾಲಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಸತೀಶ್ ಧವನ್ ಅವರ ಕಥೆ ಬಹಳ ಜನಕ್ಕೆ ಗೊತ್ತು. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿದ್ದಾಗ ಪತ್ರಿಕಾಗೋಷ್ಠಿಯಲ್ಲಿ ತಾವೇ ಕೂತು ಹೊಣೆ ಹೊತ್ತರು. ಮುಂದಿನ ಜುಲೈಯಲ್ಲಿ ಅದು ಗೆದ್ದಾಗ ಮಾತಾಡಲು ಯೋಜನಾ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು ಮುಂದೆ ಬಿಟ್ಟರು. ಇದನ್ನು ದೊಡ್ಡತನದ ಕಥೆಯಾಗಿ ಹೇಳುವುದು ವಾಡಿಕೆ. ಕಲಾಂ ಅವರೇ ಹೇಳಿಕೊಂಡ ಇನ್ನೊಂದು ವಿವರವನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಉಡಾವಣೆಗೆ ಕೆಲವೇ ನಿಮಿಷಗಳಿದ್ದಾಗ ಕಂಪ್ಯೂಟರು ಏನೋ ಸರಿಯಿಲ್ಲವೆಂದು ತಡೆದು ನಿಲ್ಲಿಸಿತ್ತು. ತಜ್ಞರು ಪರವಾಗಿಲ್ಲ ಎಂದರು. ಕಲಾಂ ಆ ತಡೆಯನ್ನು ದಾಟಿ ಉಡಾವಣೆಗೆ ಒಪ್ಪಿಗೆ ಕೊಟ್ಟರು.

ಅಂದರೆ ಅಲ್ಲೂ ಒಂದು ‘ಬೇಡ’ ಇತ್ತು, ಅದನ್ನು ಮೀರಲಾಗಿತ್ತು. ಹೊಣೆಯನ್ನು ಆ ದಿನ ಕಲಾಂ ತಲೆಗೋ ಆ ತಜ್ಞರ ತಲೆಗೋ ಕಟ್ಟಿದ್ದರೆ ಏನಾಗುತ್ತಿತ್ತು? ಮುಂದಿನ ಸಲ ಯಾರೂ ತಮ್ಮ ಹೆಸರಿನಲ್ಲಿ ತೀರ್ಮಾನ ತೆಗೆದುಕೊಳ್ಳುತ್ತಿರಲಿಲ್ಲ, ಸೋರಿಕೆ ಕಂಡವರು ಕಂಡಿಲ್ಲವೆಂದು ಸುಮ್ಮನಾಗುತ್ತಿದ್ದರು, ಏನು ತಪ್ಪಿತು ಎಂಬ ಹುಡುಕಾಟ ಯಾರು ತಪ್ಪಿದರು ಎಂಬ ಹುಡುಕಾಟವಾಗುತ್ತಿತ್ತು. ಧವನ್ ಹೊಣೆ ಹೊತ್ತದ್ದು ಕಲಾಂ ಅವರ ಮನಸ್ಸು ನೋಯಬಾರದೆಂದು ಮಾತ್ರವೇ ಆಗಿರಲಾರದು ಎಂದು ನನಗೆ ತೋರುತ್ತದೆ. ಅವರು ಹಾಗೆ ಮಾಡಿದ್ದರಿಂದ ಒಳಗೆ ನಿಜ ಮಾತಾಡುವುದು ಸುರಕ್ಷಿತವಾಗಿ ಉಳಿಯಿತು. ಹನ್ನೊಂದು ತಿಂಗಳಲ್ಲಿ ರಾಕೆಟ್ಟು ಮತ್ತೆ ಏರಿದ್ದಕ್ಕೆ ಇದೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಇಷ್ಟರವರೆಗೆ ಮಾತು ಕೆಳಗಿನಿಂದ ಮೇಲಕ್ಕೆ ಹೋಗುವ ಬಗ್ಗೆ ಆಯಿತು. ಕಹಿಯಾದ ಮಾತು ಮೇಲಿನಿಂದ ಕೆಳಕ್ಕೂ ಬರಬೇಕಾಗುತ್ತದೆ. ಅದು ಇನ್ನೂ ಕಷ್ಟ. ಇದಕ್ಕೆ ನಾನು ಅಧಿಕಾರಿಗಳನ್ನು ಬಿಟ್ಟು ಕಾರ್ಮಿಕ ನಾಯಕರನ್ನು ನೋಡುತ್ತೇನೆ. 1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಮುಷ್ಕರ ಹೂಡಿದರು. ವಿಮಾನಪುರದ ಎಚ್‌ಎಎಲ್, ತಿಪ್ಪಸಂದ್ರದ ಬೆಮೆಲ್, ಕೆ.ಆರ್. ಪುರದ ಹತ್ತಿರದ ದೂರವಾಣಿನಗರದಲ್ಲಿ 1948ರಿಂದ ನಡೆಯುತ್ತಿದ್ದ ಐಟಿಐ, ಊರಿನ ಆಚೆ ತುದಿಯ ಬಿಇಎಲ್, ಎಚ್‌ಎಂಟಿ ಎಲ್ಲ ನಿಂತವು. ಲಕ್ಷಕ್ಕೂ ಹೆಚ್ಚು ಜನ, 77 ದಿನ. ಬಿಎಚ್‌ಇಎಲ್ ಕಾರ್ಮಿಕರಿಗೆ ಸಮನಾದ ವೇತನ ಬೇಕೆಂಬುದು ಮುಖ್ಯ ಬೇಡಿಕೆ. 1981ರ ಮಾರ್ಚಿನಲ್ಲಿ ಕೆಲಸಕ್ಕೆ ಮರಳಿದಾಗ ಕೇಳಿದ್ದು ಪೂರ್ತಿ ಸಿಕ್ಕಿರಲಿಲ್ಲ.

ಎರಡೂವರೆ ತಿಂಗಳು ಸಂಬಳವಿಲ್ಲದ ಮನೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ದಿನಸಿ ಅಂಗಡಿಯ ಬಾಕಿ, ಅಡವಿಟ್ಟ ಬಳೆ, ಶಾಲೆಯ ಫೀಸು. ಇಂಥ ಹೊತ್ತಿನಲ್ಲಿ ಗೇಟಿನ ಮುಂದೆ ನಿಂತು ‘ಗೆಲುವು ನಮ್ಮದೇ’ ಎಂದು ಕೂಗುವುದು ಸುಲಭ. ‘ಇಷ್ಟೇ ಸಿಗುವುದು, ನಾಳೆ ಒಳಗೆ ಹೋಗೋಣ’ ಎಂದು ಹೇಳಲು ಬೇರೆಯದೇ ಧೈರ್ಯ ಬೇಕು. ಹೇಳಿದವರಿಗೆ ಮಾರಿಕೊಂಡವರು ಎಂಬ ಹೆಸರು ಬರುತ್ತದೆ. ಹೇಳದಿದ್ದರೆ ಜನರ ಮನೆ ಮುಳುಗುತ್ತದೆ. ಆ ಮುಷ್ಕರ ಮುಗಿದ ರೀತಿ ಸರಿಯೇ ತಪ್ಪೇ ಎಂಬುದರ ಬಗ್ಗೆ ವಾದಗಳಿವೆ, ಅವನ್ನು ತೀರ್ಮಾನಿಸುವುದು ಇಲ್ಲಿ ನನ್ನ ಉದ್ದೇಶವಲ್ಲ. ಮುಷ್ಕರವನ್ನು ಶುರುಮಾಡುವುದರಲ್ಲಿ ಕಾಣುವ ನಾಯಕತ್ವಕ್ಕಿಂತ ಮುಗಿಸುವುದರಲ್ಲಿ ಕಾಣುವ ನಾಯಕತ್ವ ನನಗೆ ಹೆಚ್ಚು ಆಳದ್ದಾಗಿ ತೋರುತ್ತದೆ. ಏಕೆಂದರೆ ತನ್ನ ಜನರಿಗೆ ‘ಬೇಡ’ ಎನ್ನಲಾರದವನು, ತನ್ನ ಜನರಿಂದ ‘ಬೇಡ’ ಕೇಳಿಸಿಕೊಳ್ಳಲಾರದವನಷ್ಟೇ ದುರ್ಬಲ.

ಇನ್ನೊಂದು ಪ್ರಶ್ನೆ ಉಳಿಯಿತು. ಈ ‘ಬೇಡ’ ಎನ್ನುವ ಅವಕಾಶವನ್ನು ಕೊಡುವವರು ಯಾರು? ಒಳ್ಳೆಯ ನಾಯಕ ಕೊಡುತ್ತಾನೆ ಎಂದರೆ, ಕೆಟ್ಟ ನಾಯಕ ಬಂದ ದಿನ ಕಿತ್ತುಕೊಳ್ಳುತ್ತಾನೆ. ಕೃಪೆಯಾಗಿ ಬಂದದ್ದು ಕೋಪದಲ್ಲಿ ಹೋಗುತ್ತದೆ. ಆದ್ದರಿಂದ ಅದು ನಿಯಮದಲ್ಲಿ ಬರೆದಿರಬೇಕು. ಕಂಟೋನ್ಮೆಂಟಿನಲ್ಲೇ ಇದಕ್ಕೊಂದು ಸಣ್ಣ ಉದಾಹರಣೆ ಇದೆ. 1950ರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಳ್ಳಲಿದ್ದವರು, ಎ.ಕೆ. ಗೋಪಾಲನ್ ಅವರ ಬೆಂಬಲದಿಂದ, ತಾವೇ ಸಹಕಾರ ಸಂಘ ಕಟ್ಟಿ ಅವನ್ನು ನಡೆಸಲು ಮುಂದಾದರು. 1957ರ ಆಗಸ್ಟ್ 19ರಂದು ಅಂಥ ಸಂಘ ಶುರುವಾದದ್ದು ಬೆಂಗಳೂರಿನಲ್ಲಿ. ಎಂ.ಜಿ. ರಸ್ತೆಯಲ್ಲಿದ್ದ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂತು. ಸಹಕಾರ ಸಂಘದ ತತ್ವದಲ್ಲಿ ಒಬ್ಬ ಸದಸ್ಯನಿಗೆ ಒಂದು ಓಟು. ತಲೆಗೆ ಬಿಳಿ ಪೇಟ ಸುತ್ತಿ ಟ್ರೇ ಹಿಡಿದು ಬರುವವರು ಆಡಳಿತ ಮಂಡಳಿಯನ್ನು ಆರಿಸಲೂಬಲ್ಲರು, ಇಳಿಸಲೂಬಲ್ಲರು. ಇಂಥ ಸಂಘಗಳು ಎಲ್ಲ ಕಡೆ ಚೆನ್ನಾಗಿ ನಡೆದಿವೆ ಎಂದು ನಾನು ಹೇಳುತ್ತಿಲ್ಲ. ಸಹಕಾರ ಸಂಘಗಳ ಜಗಳ ನಮ್ಮ ಊರುಗಳಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಅಲ್ಲಿ ‘ಬೇಡ’ ಎನ್ನಲು ಯಾರ ಮುಖ ನೋಡಬೇಕಾಗಿಲ್ಲ, ಯಾರ ಮನಸ್ಸು ಚೆನ್ನಾಗಿರುವ ದಿನಕ್ಕೆ ಕಾಯಬೇಕಾಗಿಲ್ಲ.

ನಮ್ಮ ಪರಂಪರೆಗೂ ಇದು ಹೊಸತಲ್ಲ. ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಇದು ನಮ್ಮದಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು ಎಂಬ ಕಥೆ ನಮಗೆಲ್ಲ ಗೊತ್ತು. ಅದನ್ನು ನಾವು ನಿರ್ಲೋಭದ ಕಥೆಯಾಗಿ ಓದುತ್ತೇವೆ. ಕಲ್ಯಾಣದ ಅತ್ಯಂತ ಬಡ ಮನೆಯ ಹೆಣ್ಣುಮಗಳೊಬ್ಬಳು ಅತ್ಯಂತ ದೊಡ್ಡ ಮನೆಯಿಂದ ಬಂದದ್ದಕ್ಕೆ ‘ಬೇಡ’ ಎಂದ ಕಥೆಯಾಗಿಯೂ ಓದಬಹುದು. ಹಾಗೆ ಹೇಳಿದವಳನ್ನು ಆ ಸಮುದಾಯ ಮೂಲೆಗೆ ತಳ್ಳಲಿಲ್ಲ, ಅವಳ ಮಾತುಗಳನ್ನು ಉಳಿಸಿಕೊಂಡಿತು. ಅನುಭವ ಮಂಟಪದ ಬಗ್ಗೆ ಪರಂಪರೆ ಹೇಳುವುದರಲ್ಲೂ ಇಂಥದೇ ಸೂಚನೆ ಇದೆ. ಅದನ್ನು ಕಟ್ಟಿದ ಬಸವಣ್ಣನವರು ಅದರ ಪೀಠದಲ್ಲಿ ಕೂರಲಿಲ್ಲ, ಅಲ್ಲಮನನ್ನು ಕೂರಿಸಿದರು. ಆ ಪೀಠದ ಹೆಸರು ಶೂನ್ಯ ಸಿಂಹಾಸನ.

‘ಇದೆಲ್ಲ ಶಾಂತಿಕಾಲದ ಮಾತು, ತುರ್ತಿನಲ್ಲಿ ಆಜ್ಞೆಯೇ ಬೇಕು’ ಎಂದು ಗೆಳೆಯನೊಬ್ಬ ವಾದಿಸುತ್ತಾನೆ. ಅವನಿಗೆ ನಾನು ತೋರಿಸುವುದು ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಕೇಂದ್ರವನ್ನು. ಸೈನ್ಯಕ್ಕೆ ಸೇತುವೆ ಕಟ್ಟಿಕೊಡುವವರು ಅವರು. ಟ್ಯಾಂಕು ದಾಟಬೇಕೋ ಬೇಡವೋ ಎಂಬುದನ್ನು ಸೇನಾಧಿಕಾರಿ ತೀರ್ಮಾನಿಸಲಿ, ಅದು ಅವರ ಹಕ್ಕು. ಸೇತುವೆ ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ಮಾತ್ರ ಹೆಗಲ ಮೇಲಿನ ನಕ್ಷತ್ರಗಳು ತೀರ್ಮಾನಿಸಲಾರವು, ಕಟ್ಟಿದವರೇ ಹೇಳಬೇಕು. ಆಜ್ಞೆ ಪಾಲಿಸುವುದೂ ನಿಜ ಹೇಳುವುದೂ ಒಟ್ಟಿಗೆ ಇರಬಲ್ಲವು. ತುರ್ತು ಹೆಚ್ಚಾದಷ್ಟೂ ಎರಡನೆಯದರ ಅಗತ್ಯ ಹೆಚ್ಚುತ್ತದೆ, ಏಕೆಂದರೆ ತಿದ್ದಿಕೊಳ್ಳಲು ಸಮಯ ಇರುವುದಿಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ವಿದ್ಯಾರ್ಥಿಗಳು. ಪಿಎಚ್‌ಡಿ ಮಾಡುವ ನಮ್ಮಂಥವರಿಗೆ ನಾಯಕರೆಂದರೆ ಮೊದಲು ಗೈಡ್, ಆಮೇಲೆ ವಿಭಾಗದ ಮುಖ್ಯಸ್ಥರು. ನಿಮಗೆ ಪ್ರಿನ್ಸಿಪಾಲರೋ, ಸಾಹಿತ್ಯ ಸಂಘದ ಕಾರ್ಯದರ್ಶಿಯೋ, ನಾಟಕ ತಂಡದ ನಿರ್ದೇಶಕರೋ ಇರಬಹುದು. ಮುಂದೆ ನೀವೇ ಯಾವುದೋ ಕುರ್ಚಿಯಲ್ಲಿ ಕೂರುತ್ತೀರಿ. ನಾಯಕರನ್ನು ಅಳೆಯಲು ಅವರ ಭಾಷಣ ಕೇಳಬೇಡಿ, ವಾರ್ಷಿಕ ವರದಿ ಓದಬೇಡಿ, ಎಷ್ಟು ಪ್ರಶಸ್ತಿ ಬಂದಿದೆ ಎಂದು ಎಣಿಸಬೇಡಿ. ಅವರಿಗೆ ಕೊನೆಯ ಬಾರಿ ಎದುರಿಗೆ ನಿಂತು ‘ಬೇಡ ಸಾರ್’ ಅಥವಾ ‘ಬೇಡ ಮೇಡಂ’ ಎಂದವರು ಯಾರು ಎಂದು ವಿಚಾರಿಸಿ. ಅಂಥವರು ಯಾರೂ ಇಲ್ಲ ಎಂದು ಗೊತ್ತಾದರೆ ಎಚ್ಚರವಾಗಿರಿ. ಇದ್ದಾರೆ ಎಂದಾದರೆ ಅವರನ್ನು ಹುಡುಕಿ, ಈಗ ಯಾವ ಮೇಜಿನ ಮುಂದೆ ಕೂತಿದ್ದಾರೆ ಎಂದು ನೋಡಿ ಬನ್ನಿ.